ಕ್ಲಬ್ಬು ಸೇರುವವರು ಮೊದಲು ಹಿತ್ತಲು ನೋಡಿ

ನಮ್ಮಪ್ಪ ಕೈಕಾಲು ಗಟ್ಟಿ ಇರುವ ತನಕ ಹೊಲದಲ್ಲಿ ಗರಿಕೆ ಕಿತ್ತರು. ನಾನು ಮೂವತ್ತೊಂದು ವರ್ಷ ಸಂಬಳ ತೆಗೆದುಕೊಂಡು ಗರಿಕೆ ಬೆಳೆದೆ. ಗಾಲ್ಫ್ ಮೈದಾನದ ಹುಲ್ಲು ಅಂದರೆ ಮತ್ತೇನಲ್ಲ, ನಮ್ಮ ಗರಿಕೆಯದೇ ಒಂದು ಸಣ್ಣೆಲೆಯ ಜಾತಿ. ನಾನು ಕೆಲಸಕ್ಕೆ ಸೇರಿದ ತಿಂಗಳು ಅಪ್ಪ ನೋಡಲು ಬಂದಿದ್ದರು. ಬೇಲಿಯಾಚೆ ನಿಂತು, ಹೆಂಗಸರು ಸಾಲಾಗಿ ಕೂತು ಕಳೆ ತೆಗೆಯುವುದನ್ನು ಬಹಳ ಹೊತ್ತು ನೋಡಿ, "ಅಲ್ಲಾ ಕಣ್ಲಾ, ಮಿಕ್ಕಿದ್ದೆಲ್ಲಾ ಕಿತ್ತಾಕಿ ಗರಿಕೆ ಉಳಿಸ್ತಾವ್ರಲ್ಲಾ, ತಲೆ ನೆಟ್ಟಗದಾ ಇವ್ರಿಗೆ?" ಎಂದು ಕೇಳಿದರು.

ನಾನು ಬೆಟ್ಟದಪುರದ ಪಕ್ಕದ ಹಳ್ಳಿಯವನು, ಹೆಸರು ಪುಟ್ಟಸ್ವಾಮಿ. ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ, ಹೆದ್ದಾರಿ ಬಿಟ್ಟು ಒಳಕ್ಕೆ ಹೋದರೆ ಸಿಗುವ ಒಂದು ಖಾಸಗಿ ಗಾಲ್ಫ್ ಕ್ಲಬ್ಬಿನಲ್ಲಿ ಮೊದಲು ಹುಲ್ಲು ನೋಡಿಕೊಳ್ಳುವವನಾಗಿ, ಆಮೇಲೆ ಹೊಸದಾಗಿ ಸೇರಲು ಬರುವವರಿಗೆ ಮೈದಾನ ತೋರಿಸುವವನಾಗಿ ದುಡಿದೆ. ಒಂಬತ್ತೇ ಗುಂಡಿಯ ಸಣ್ಣ ಕ್ಲಬ್ಬು. ಸುತ್ತಲ ಊರಿನವರು ಅದಕ್ಕೆ ಇಟ್ಟ ಹೆಸರು 'ಗುಂಡಿ ಕ್ಲಬ್ಬು'. ನಾನು ನಿವೃತ್ತನಾದ ಮೇಲೆ ನನ್ನ ಜಾಗಕ್ಕೆ ಬಂದವಳು ನಾಜಿಯಾ, ಹುಣಸೂರಿನ ಮರಗೆಲಸದವರ ಮಗಳು. "ಸರ್, ಬಂದವರಿಗೆ ಏನು ತೋರಿಸಬೇಕು, ಏನು ಹೇಳಬೇಕು, ಒಂದ್ ಹಾಳೇಲಿ ಬರೆದುಕೊಡಿ" ಎಂದು ಕೇಳಿದಳು. ಒಂದು ಹಾಳೆಯಲ್ಲಿ ಮುಗಿಯುವ ಬಾಯಿ ನನ್ನದಲ್ಲ ಎನ್ನುವುದು ಪಾಪ ಅವಳಿಗೆ ಗೊತ್ತಿರಲಿಲ್ಲ, ಬರೆಯಲು ಕೂತರೆ ಇಷ್ಟುದ್ದ ಆಯಿತು.

ಕೆಲಸಕ್ಕೆ ನನ್ನನ್ನು ತೆಗೆದುಕೊಂಡವರು ಕ್ಲಬ್ಬಿನ ಕಾರ್ಯದರ್ಶಿ, ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಮೇಜರ್ ಸಾಹೇಬರು. ಮೀಸೆ, ಬೂಟು, ಧ್ವನಿ ಮೂರೂ ಸದಾ ಪರೇಡಿಗೆ ನಿಂತಂತೆ ಇರುತ್ತಿದ್ದವು. ನನ್ನ ಸಂದರ್ಶನ ನಡೆದದ್ದು ಕೆಮ್ಮಣ್ಣಿನ ಗುಡ್ಡೆಯ ಮೇಲೆ.

"ಏನು ಕೆಲಸ ಗೊತ್ತು?"

"ಹೊಗೆಸೊಪ್ಪಿನ ಸಸಿಮಡಿ ಮಾಡ್ತೀನಿ ಸಾರ್."

"ಬೀಜ ಎಷ್ಟು ದೊಡ್ಡದು?"

"ಸಾಸಿವೆ ಮುಂದೆ ಇಟ್ರೆ ಸಾಸಿವೇನೇ ಕುಂಬಳಕಾಯಿ ಸಾರ್."

ಸಾಹೇಬರು ನಗಲಿಲ್ಲ. ಆದರೆ ಅಷ್ಟು ಸಣ್ಣ ಬೀಜ ಮೊಳೆಸುವವನು ಹುಲ್ಲನ್ನೂ ಸಾಕಿಯಾನು ಎಂದುಕೊಂಡರೋ ಏನೋ, ಮರುದಿನದಿಂದಲೇ ಬಾ ಎಂದರು.

ಆ ಮರುದಿನವೇ ನನಗೆ ಒಂದು ಹುಚ್ಚು ಹತ್ತಿತು. ಅವತ್ತು ಭಾನುವಾರ. ಮೊದಲ ಗುಂಡಿಗೆ ಹೊಡೆಯಲು ನಿಲ್ಲುವ ಎತ್ತರದ ಜಾಗದ ಪಕ್ಕದಲ್ಲಿ ಒಂದು ಮೇಜು, ಅದರ ಮೇಲೊಂದು ದಪ್ಪ ಪುಸ್ತಕ. ಆಡುವವರ ಹೆಸರು ಅದರಲ್ಲಿ ಬರೆಯುತ್ತಾರೆ, ಹೆಸರು ಕೂಗುತ್ತಾರೆ, ಅವರು ಬಂದು ಚೆಂಡು ಇಟ್ಟು ಹೊಡೆಯುತ್ತಾರೆ. ಇಬ್ಬನಿಯಲ್ಲಿ ಆ ಬಿಳೀ ಚೆಂಡು ಏರಿ ಹೋದದ್ದನ್ನು ನೋಡಿ, ಕೈಯಲ್ಲಿದ್ದ ಬಕೆಟ್ಟು ಮರೆತು ನಿಂತುಬಿಟ್ಟೆ. ಒಂದು ಸಲ, ಒಂದೇ ಒಂದು ಸಲ, ಭಾನುವಾರ ಬೆಳಿಗ್ಗೆ ಆ ಪುಸ್ತಕದಲ್ಲಿ ನನ್ನ ಹೆಸರು ಬರೆಸಿ ಅಲ್ಲಿಂದ ಹೊಡೆಯಬೇಕು ಅನ್ನಿಸಿತು. ಆದರೆ ನೌಕರರು ಆಡುವಂತಿಲ್ಲ ಎಂದು ನಿಯಮ.

ನಿಯಮ ನನಗೆ ಗೊತ್ತು, ಆಸೆಗೆ ಗೊತ್ತೇ? ಬೆಳಗಿನ ಜಾವ ಉದ್ದನೆಯ ಬಿದಿರು ಗಳ ಬೀಸಿ ಗ್ರೀನಿನ ಮೇಲಿನ ಇಬ್ಬನಿ ಉದುರಿಸುವುದು ಆಗ ನನ್ನ ಕೆಲಸ. ಗ್ರೀನ್ ಅಂದರೆ ಗುಂಡಿಯ ಸುತ್ತಲಿನ ನುಣುಪು ಹುಲ್ಲಿನ ಅಂಗಳ. ಯಾರೋ ಬಿಸಾಕಿದ್ದ ಮುರುಕಲು ಕೋಲಿಗೆ ಕಾಫಿ ಗಿಡದ ಹಿಡಿ ಕಟ್ಟಿಕೊಂಡು, ಇಬ್ಬನಿ ಉದುರಿಸಿದ ಮೇಲೆ ನಾಲ್ಕು ಚೆಂಡು ಗುಂಡಿಗೆ ತಳ್ಳುತ್ತಿದ್ದೆ. ಎಷ್ಟು ದಿನ ನಡೆಯಿತೋ, ಒಂದು ದಿನ ಹಿಂದಿನಿಂದ ಬೂಟಿನ ಸದ್ದು ಬಂತು.

"ಪುಟ್ಟಸ್ವಾಮಿ. ಆಟ ಬರುತ್ತಾ?"

"ಇಲ್ಲಾ ಸಾರ್. ಆಸೆ ಅದೆ ಅಷ್ಟೇ."

ಸಾಹೇಬರು ನನ್ನ ಕೋಲನ್ನು ಇಸಿದುಕೊಂಡು, ಕಾಫಿ ಹಿಡಿಯನ್ನು ತಿರುಗಿಸಿ ನೋಡಿದರು. ಕೆಲಸ ಹೋಯಿತು ಎಂದುಕೊಂಡೆ. "ರೂಲ್ ಅಂದ್ರೆ ರೂಲ್. ನೌಕರಿ ಇರೋವರೆಗೂ ಆಡೋ ಹಾಗಿಲ್ಲ. ರಿಟೈರ್ ಆದ ಮೇಲೆ ಸದಸ್ಯತ್ವಕ್ಕೆ ಅರ್ಜಿ ಹಾಕು. ಸೂಚಕನ ಜಾಗದಲ್ಲಿ ನಾನು ಸಹಿ ಹಾಕ್ತೀನಿ" ಎಂದರು. ಅರ್ಜಿಗೆ ಒಬ್ಬ ಸೂಚಕ, ಒಬ್ಬ ಅನುಮೋದಕ ಬೇಕು, ಇಬ್ಬರೂ ಹಳೆಯ ಸದಸ್ಯರಾಗಿರಬೇಕು. ನನಗಾಗ ಮೂವತ್ತೂ ತುಂಬಿರಲಿಲ್ಲ. ನಿವೃತ್ತಿ ಅನ್ನುವುದು ಕಾಶಿಗಿಂತ ದೂರ ಇತ್ತು. ಆದರೂ ಅವತ್ತು ಮನೆಗೆ ಹೋಗಿ ಹೆಂಡತಿ ಭಾಗ್ಯಳ ಹತ್ತಿರ, ಸದಸ್ಯನಾಗಿಯೇಬಿಟ್ಟವನಂತೆ ಕೊಚ್ಚಿಕೊಂಡೆ.

ಇನ್ನು ನನ್ನ ಘನ ಕಾರ್ಯದ ವಿಷಯ. ಮುಚ್ಚಿಡುವುದಕ್ಕೆ ಹೋಗುವುದಿಲ್ಲ, ಹೇಗೂ ಊರಿಗೆಲ್ಲ ಗೊತ್ತು.

ಒಂದು ವರ್ಷ ಏಳನೇ ಗ್ರೀನನ್ನು ಅಗೆದು ಹೊಸದಾಗಿ ಮಾಡಿದೆವು. ಹುಲ್ಲಿನ ತುಂಡುಗಳನ್ನು ನೆಟ್ಟು ಮುಗಿಸಿದ ಮೇಲೆ ಬಿಸಿಲು ಜೋರಾಯಿತು. ಸಸಿಮಡಿಯಲ್ಲಿ ಹುಟ್ಟಿ ಬೆಳೆದವನಿಗೆ ಹೇಳಿಕೊಡಬೇಕೇ? ಮನೆಯ ಮೆದೆಯಿಂದ ಒಂದು ಗಾಡಿ ರಾಗಿ ಹುಲ್ಲು ತರಿಸಿ, ಗ್ರೀನಿನ ಮೇಲೆ ತೆಳ್ಳಗೆ ಹೊದಿಸಿ, ನೀರು ಹಾಕಿಸಿದೆ. ನೆರಳೂ ಆಯಿತು, ತಂಪೂ ಆಯಿತು. ಮೇಜರ್ ಸಾಹೇಬರು "ಶಾಭಾಷ್" ಎಂದರು. ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು.

ಆಷಾಢದ ಮಳೆ ಶುರುವಾಯಿತು. ನೋಡನೋಡುತ್ತಲೇ ಹೊದಿಸಿದ್ದ ಹುಲ್ಲನ್ನು ತೂರಿಕೊಂಡು ಏಳನೇ ಗ್ರೀನಿನ ತುಂಬ ರಾಗಿ! ಆ ವರ್ಷದ ಒಕ್ಕಣೆ ಅವಸರದಲ್ಲಿ ಆಗಿತ್ತು, ಹುಲ್ಲಿನಲ್ಲಿ ಉಳಿದ ಕಾಳೆಲ್ಲ ಒಂದೂ ಬಿಡದೆ ಮೊಳೆತು ಗೇಣುದ್ದ ಪೈರಾಗಿ ನಿಂತಿತ್ತು. ಯಾವ ಹೊಲದಲ್ಲೂ ಅಷ್ಟು ಸೊಗಸಾಗಿ ಹುಟ್ಟಿದ ರಾಗಿಯನ್ನು ನಾನು ಕಂಡಿರಲಿಲ್ಲ.

ಅದೇ ವಾರ ಕೊಡಗಿನಿಂದ ಮುತ್ತಣ್ಣ ಎನ್ನುವ ಕಾಫಿ ತೋಟದವರು ಬರುವವರಿದ್ದರು. ಅವರದು ಹನ್ನೆರಡು ಜನ ಗೆಳೆಯರ ಗುಂಪು. ಎಲ್ಲರೂ ಒಟ್ಟಿಗೆ ಒಂದೇ ಕ್ಲಬ್ಬಿಗೆ ಸೇರಬೇಕೆಂದು ಅಲ್ಲಿ ಇಲ್ಲಿ ನೋಡಿಕೊಂಡು ಬರುತ್ತಿದ್ದರು. ನಮ್ಮಲ್ಲಿ ಆಗ ಸದಸ್ಯರೇ ಕಡಿಮೆ. ಸಾಹೇಬರು ರಾಗಿ ನೋಡಿದರು, ನನ್ನನ್ನು ನೋಡಿದರು. "ಬುಧವಾರದೊಳಗೆ ಇದು ಇಲ್ಲಿ ಕಾಣಬಾರದು. ಕಂಡರೆ ನೀನೂ ಇಲ್ಲಿ ಕಾಣಲ್ಲ" ಎಂದು ಹೇಳಿ ಹೋದರು. ಕೆಲಸ ಹೋದರೆ ಬೇರೆ ಕೆಲಸ ಸಿಕ್ಕೀತು, ಸಾಹೇಬರು ಕೊಟ್ಟಿದ್ದ ಮಾತು ಎಲ್ಲಿ ಸಿಗಬೇಕು?

ಕಳೆ ತೆಗೆಯುವ ಹೆಂಗಸರಿಗೆಲ್ಲ ಹಿರಿಯಳು ಚಿಕ್ಕತಾಯಕ್ಕ. ಅವಳನ್ನು ಕರೆದು, ಎಲ್ಲ ಕಿತ್ತು ಬೇಲಿಯಾಚೆ ಎಸೆಯಿರಿ ಎಂದೆ. ಅವಳು ಸೊಂಟದ ಮೇಲೆ ಕೈಯಿಟ್ಟಳು.

"ರಾಗಿ ಪೈರ ಎಸೀಬೇಕಾ? ಯಾವ ಬಾಯ್ಲಿ ಏಳ್ತೀಯೋ ಪುಟ್ಟಸಾಮಿ? ಮುದ್ದೆ ಉಣ್ಣೋ ಬಾಯ್ಲೇನಾ?"

"ಅಕ್ಕಾ, ನನ್ ಕೆಲ್ಸ ಓಯ್ತದೆ ಕಣಕ್ಕಾ."

"ನಿನ್ ಕೆಲ್ಸ ಉಳಿಸ್ತೀವಿ ಬುಡು. ಪೈರೂ ಉಳಿಸ್ತೀವಿ. ಪಂಪ್‌ಹೌಸ್ ಇಂದೆ ಜಾಗ ಅದಲ್ಲಾ, ಅಲ್ಲಿ ಉತ್ಕೊಡು."

ನಮ್ಮ ಕಡೆ ರಾಗಿ ಪೈರನ್ನು ಕಿತ್ತು ನಾಟಿ ಹಾಕುವುದುಂಟು, ಕಿತ್ತು ಎಸೆಯುವುದಿಲ್ಲ. ಹೆಂಗಸರು ಬಿದಿರು ಕಡ್ಡಿಯಲ್ಲಿ ಬೇರು ಸಡಿಲಿಸಿ, ಗರಿಕೆಗೆ ನೋವಾಗದಂತೆ ಒಂದೊಂದೇ ಪೈರು ಎತ್ತಿದರು. ಪಂಪ್‌ಹೌಸ್ ಇರುವುದು ಮೊದಲ ಗುಂಡಿಯ ದಾರಿಯ ಎಡಕ್ಕೆ, ಸಿಲ್ವರ್ ಓಕ್ ಮರಗಳ ಸಾಲಿನ ಹಿಂದೆ. ಅಲ್ಲಿ ಎತ್ತು ಹೂಡಿ ಉತ್ತುಕೊಟ್ಟೆ. ಬುಧವಾರ ಬೆಳಿಗ್ಗೆ ಏಳನೇ ಗ್ರೀನ್ ಬೋಳಿಸಿದ ತಲೆಯಂತೆ ಚೊಕ್ಕವಾಗಿತ್ತು. ನಾಟಿ ಮಾತ್ರ ಇನ್ನೂ ಮುಗಿದಿರಲಿಲ್ಲ. "ಅವರನ್ನು ಪಂಪ್‌ಹೌಸ್ ಕಡೆ ಬಿಡಬೇಡ" ಎಂದು ಸಾಹೇಬರು ನನಗೆ ಕಾವಲು ಹಾಕಿದರು.

ಮುತ್ತಣ್ಣನವರು ಬಂದರು. ಸಾಹೇಬರು ಕ್ಲಬ್ಬಿನ ಹಾಲ್ ತೋರಿಸಿದರು, ಬಹುಮಾನದ ಕಪ್ಪುಗಳನ್ನು ತೋರಿಸಿದರು. ಅವರು ಎಲ್ಲದಕ್ಕೂ ತಲೆಯಾಡಿಸಿ, "ಹಿತ್ತಲು ಎಲ್ಲಿದೆ?" ಎಂದು ಕೇಳಿದರು. ಸಾಹೇಬರು ಮತ್ತೆ ಕಪ್ಪುಗಳ ಕಡೆ ಕೈ ತೋರಿಸಿದರು.

"ನಾನು ತೋಟ ಕೊಳ್ಳುವಾಗಲೂ ಬಂಗಲೆ ನೋಡೋನಲ್ಲ ಮೇಜರ್. ಹಿಂದೆ ಗೊಬ್ಬರ ಎಲ್ಲಿ ಹಾಕ್ತಾರೆ, ಕೆಲಸದವರು ಎಲ್ಲಿ ಕೂತು ಊಟ ಮಾಡ್ತಾರೆ, ಅದು ನೋಡೋದು" ಎಂದವರೇ ಸಿಲ್ವರ್ ಮರಗಳ ಕಡೆ ಹೊರಟರು. ನಾನು ಅಡ್ಡ ನಿಂತೆ. ಅವರು ನನ್ನನ್ನು ಬಳಸಿಕೊಂಡು ಹೋದರು. ಅಲ್ಲಿ ಎಂಟು ಜನ ಹೆಂಗಸರು ಸೀರೆ ಎತ್ತಿ ಕಟ್ಟಿ, ಸೋಬಾನೆ ಹೇಳಿಕೊಂಡು ರಾಗಿ ನೆಡುತ್ತಿದ್ದರು.

ಮುತ್ತಣ್ಣನವರು ಬಗ್ಗಿ ಒಂದು ಪೈರು ಮುಟ್ಟಿ ನೋಡಿದರು. ಆಮೇಲೆ, "ಗಾಲ್ಫ್ ಕ್ಲಬ್ಬಿನಲ್ಲಿ ಯಾರು ಮಾರಾಯ್ರೆ ರಾಗಿ ನೆಟ್ಟದ್ದು?" ಎಂದರು. ಸಾಹೇಬರು ನನ್ನ ಕಡೆ ಬೆರಳು ತೋರಿಸಿದರು. ನಾನು ಹುಲ್ಲು ಹೊದಿಸಿದ್ದರಿಂದ ಹಿಡಿದು ಎಲ್ಲ ಒಪ್ಪಿಸಿದೆ. ಅವರಿಗೆ ನಗು ತಡೆಯಲಾಗಲಿಲ್ಲ, ಮರ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಚಿಕ್ಕತಾಯಕ್ಕನನ್ನು ಕೇಳಿದರು, "ಕೊಯ್ಲು ಯಾವಾಗಮ್ಮ?"

"ದೀಪಾವಳಿ ಕಳೆದ್ಮ್ಯಾಕೆ ಬನ್ನಿ ಬುದ್ಧಿ, ಮುದ್ದೆ ಉಣ್ಬೌದು."

ಅವರು ದೀಪಾವಳಿಗೆ ಕಾಯಲಿಲ್ಲ. ಮುಂದಿನ ವಾರವೇ ಹನ್ನೆರಡು ಅರ್ಜಿಗಳು ಬಂದವು. ಪೈರು ಉಳಿಸುವ ಜನ ಹುಲ್ಲನ್ನೂ ಉಳಿಸುತ್ತಾರೆ ಎಂದು ಗೆಳೆಯರಿಗೆ ಹೇಳಿದರಂತೆ. ಅವತ್ತಿನಿಂದ ಪ್ರತಿ ವರ್ಷ ಪಂಪ್‌ಹೌಸ್ ಹಿಂದೆ ರಾಗಿ ಬೆಳೆಯುತ್ತದೆ, ಕೊಯ್ಲಾದ ಭಾನುವಾರ ಸದಸ್ಯರಿಗೂ ಕೆಲಸದವರಿಗೂ ಒಂದೇ ಪಂಕ್ತಿಯಲ್ಲಿ ಮುದ್ದೆ, ಅವರೆಕಾಳು ಸಾರು. ಒಂದು ಸಲ ಮುತ್ತಣ್ಣನವರ ಚೆಂಡೇ ರಾಗಿಯೊಳಗೆ ಬಿದ್ದು, ಅವರು ಹುಡುಕಲು ಹೋದಾಗ ಚಿಕ್ಕತಾಯಕ್ಕ ಕುಡುಗೋಲು ಹಿಡಿದು ಅಡ್ಡ ನಿಂತಳು. ಸಾಹೇಬರು ಪಂಚಾಯಿತಿ ಮಾಡಿ ಹೊಸ ನಿಯಮವನ್ನೇ ಅಚ್ಚು ಹಾಕಿಸಿದರು: ರಾಗಿಗೆ ಬಿದ್ದ ಚೆಂಡು ರಾಗಿಯದು, ಹುಡುಕುವಂತಿಲ್ಲ, ಹೊಡೆತದ ಲೆಕ್ಕಕ್ಕೆ ಒಂದು ಏಟು ದಂಡ.

ಆಮೇಲೆ ಸಾಹೇಬರು ಹೊಸಬರಿಗೆ ಮೈದಾನ ತೋರಿಸುವ ಕೆಲಸ ನನಗೇ ಕೊಟ್ಟರು. ಎಂಥೆಂಥವರು ಬಂದರು! ಕೆ.ಆರ್. ನಗರದ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಇಡೀ ಮೈದಾನ ಸುತ್ತಿ ಬೆವರು ಒರೆಸಿಕೊಂಡು, "ಎಲ್ಲಾ ಸರಿ ಕಣ್ರೀ, ಮೆಂಬರ್ ಆದ್ರೆ ಆಡ್ಲೇಬೇಕಾ?" ಎಂದು ಗುಟ್ಟಾಗಿ ಕೇಳಿದರು. ಆಡದಿದ್ದರೂ ನಡೆಯುತ್ತದೆ ಎಂದೆ. ಸೇರಿದರು. ಈಗಲೂ ತಪ್ಪದೆ ಬಂದು ಟೀ ಕುಡಿದು, ಆಡುವವರಿಗೆಲ್ಲ ಹೇಗೆ ಹೊಡೆಯಬೇಕೆಂದು ಹೇಳಿಕೊಡುತ್ತಾರೆ.

ಸಾಲಿಗ್ರಾಮದ ಒಬ್ಬರು ನಿವೃತ್ತ ಹೆಡ್ ಮೇಡಂ ಬಂದದ್ದು ಮೂರು ಸಲ. ಮೂರು ಸಲವೂ ಮೈದಾನ ನೋಡಲಿಲ್ಲ, ಮೊದಲ ಗುಂಡಿಯ ಹತ್ತಿರದ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು. ಮೂರನೇ ದಿನ ನಾನೇ ಕಾರಣ ಕೇಳಿದೆ. "ಹೊಡೆತ ತಪ್ಪಿದಾಗ ಇವರು ಚೀಲ ಹೊರೋ ಹುಡುಗರನ್ನ ಏನಂತ ಬಯ್ತಾರೆ ಅಂತ ಕೇಳಿಸ್ಕೋತಿದ್ದೀನಿ. ಇಲ್ಲಿ ತಮ್ಮನ್ನ ತಾವೇ ಬಯ್ಕೋತಾರೆ. ಪರವಾಗಿಲ್ಲ, ಸೇರ್ತೀನಿ" ಎಂದರು. ಅರವತ್ತು ದಾಟಿದ ಮೇಲೆ ಕೋಲು ಹಿಡಿದ ಆ ತಾಯಿ ಎರಡೇ ವರ್ಷದಲ್ಲಿ ವಕೀಲರನ್ನೂ ಎಂಜಿನಿಯರನ್ನೂ ಸೋಲಿಸತೊಡಗಿದರು. ಕ್ಲಬ್ಬು ಆರಿಸುವುದಕ್ಕೆ ಅವರಷ್ಟು ಒಳ್ಳೆಯ ಉಪಾಯ ನಾನು ಬೇರೆಯವರಲ್ಲಿ ಕಾಣಲಿಲ್ಲ.

ನಾಜಿಯಾ, ಇನ್ನೊಂದನ್ನು ಹೇಳಲೇಬೇಕು. ಪಿರಿಯಾಪಟ್ಟಣದಿಂದ ಒಬ್ಬ ಡಾಕ್ಟರು ಹೆಂಡತಿ ಮಕ್ಕಳೊಂದಿಗೆ ಬಂದಿದ್ದರು. ಮಳೆಗಾಲದಲ್ಲಿ ನೀರು ನಿಲ್ಲುತ್ತದೆಯೇ ಎಂದು ಕೇಳಿದರು. ಮೂರನೇ ಗುಂಡಿಯ ದಾರಿಯಲ್ಲಿ ನಾಲ್ಕು ದಿನ ಕಪ್ಪೆ ಕೂಗುತ್ತದೆ ಎಂದು ಗೊತ್ತಿದ್ದೂ, ಗಂಟೆಯೊಳಗೆ ಇಂಗುತ್ತದೆ ಎಂದುಬಿಟ್ಟೆ. ಸೇರಿದರು. ಮಳೆಗಾಲ ಬಂತು. ಒಂದು ದಿನ ಬೂಟು ಕೈಯಲ್ಲಿ ಹಿಡಿದು, ಮಂಡಿವರೆಗೆ ಕೆಸರು ಮಾಡಿಕೊಂಡು ನನ್ನ ಮುಂದೆ ನಿಂತು, "ಪುಟ್ಟಸ್ವಾಮಿ, ನೀರು ನಿಲ್ಲತ್ತೆ ಅಂದಿದ್ರೂ ಸೇರ್ತಿದ್ದೆ ಕಣ್ರೀ. ಸುಳ್ಳು ಯಾಕೆ ಹೇಳಿದ್ರಿ?" ಎಂದು ಕೇಳಿದರು. ವರ್ಷ ಮುಗಿಯುವ ಮೊದಲೇ ಬಿಟ್ಟು ಹೋದರು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಎತ್ತು ಕೊಳ್ಳಲು ಬಂದವನು ಹೇಗೂ ಅದರ ಮೈಮೇಲೆ ಕೆಟ್ಟ ಸುಳಿ ಹುಡುಕುತ್ತಾನೆ, ಅದಕ್ಕೆ ಮೊದಲು ನಾವೇ ತೋರಿಸಿಬಿಡಬೇಕು ಎನ್ನುತ್ತಿದ್ದರು ನಮ್ಮಪ್ಪ. ಡಾಕ್ಟರು ಹೋದ ಮೇಲೆ ನಾನು ಅದನ್ನೇ ಹಿಡಿದೆ. ಯಾರೇ ಬರಲಿ, ಅವರು ಕೇಳುವ ಮೊದಲೇ ನಮ್ಮ ಕ್ಲಬ್ಬಿನ ಒಂದು ಸುಳಿಯನ್ನು ನಾನೇ ತೋರಿಸುತ್ತಿದ್ದೆ.

ಕಾಲ ಬದಲಾಯಿತು. ಇಬ್ಬನಿಗೆ ಬಿದಿರು ಗಳ ಹೋಗಿ ಯಂತ್ರ ಬಂತು. ಹಿಂದೆ ಸದಸ್ಯರು ತಮ್ಮ ಗೆಳೆಯರನ್ನು ಕರೆತರುತ್ತಿದ್ದರು, ಈಗ ಹದ್ದಿನ ಹಾಗೆ ಮೇಲಿನಿಂದ ತೆಗೆದ ವಿಡಿಯೋ ಮೊಬೈಲಿನಲ್ಲಿ ನೋಡಿ, ಅರ್ಧ ತೀರ್ಮಾನ ಮಾಡಿಕೊಂಡೇ ಬರುತ್ತಾರೆ. ಮೇಲಿನಿಂದ ನೋಡಿದರೆ ಎಲ್ಲ ಕ್ಲಬ್ಬೂ ಹಸಿರೇ. ಅವರನ್ನು ಕೆಳಗೆ ಇಳಿಸಿ, ಹುಲ್ಲಿನ ಮೇಲೆ ನಡೆಸುವುದೇ ಈಗ ನಿನ್ನ ಕೆಲಸ. ಪುಸ್ತಕದಲ್ಲಿ ಹೆಸರು ಬರೆಯುವುದು ಮಾತ್ರ ನಿಂತಿಲ್ಲ, ಮೇಜರ್ ಸಾಹೇಬರ ಹಟದಿಂದ ಅದೊಂದು ಉಳಿದಿದೆ.

ಕೊನೆಗೆ ಕಾಶಿಯೂ ಹತ್ತಿರ ಬಂತು. ನಿವೃತ್ತನಾದೆ, ಶಾಲು ಹೊದಿಸಿದರು. ಅದೇ ತಿಂಗಳು ಎಚ್.ಡಿ. ಕೋಟೆ ಕಡೆ ಹಿನ್ನೀರಿನ ದಡದಲ್ಲಿ ಶುರುವಾಗಿದ್ದ ಹೊಸ ಕ್ಲಬ್ಬಿನವರು ಕರೆದರು. ವಾರಕ್ಕೊಮ್ಮೆ ಬಂದು ಹುಲ್ಲಿಗೆ ಸಲಹೆ ಕೊಟ್ಟರೆ ಸಾಕು, ಸದಸ್ಯತ್ವ ಪುಕ್ಕಟೆ, ಯಾವ ಭಾನುವಾರ ಬೇಕಾದರೂ ಆಡಬಹುದು. ನನ್ನ ಆಸೆ ತಾನಾಗಿ ನಡೆದು ಬಂದು ಬಾಗಿಲು ತಟ್ಟಿದಂತಾಯಿತು. ಭಾಗ್ಯಳನ್ನೂ ಕರೆದುಕೊಂಡು ಹೋದೆ.

ಚೆನ್ನಾಗಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ನೀರು, ಬೆಟ್ಟ, ಹಕ್ಕಿ, ಹದಿನೆಂಟು ಗುಂಡಿ. ಟೈ ಕಟ್ಟಿದವರೊಬ್ಬರು ನಮ್ಮನ್ನು ಪುಟ್ಟ ಗಾಡಿಯಲ್ಲಿ ಕೂರಿಸಿಕೊಂಡು ಸುತ್ತಿಸಿದರು. ಮಳೆಗಾಲದಲ್ಲಿ ಹೇಗೆ ಎಂದೆ. "ನೋ ಪ್ರಾಬ್ಲಮ್ ಸರ್." ಬೇಸಿಗೆಯಲ್ಲಿ? "ಫಸ್ಟ್ ಕ್ಲಾಸ್ ಸರ್." ನಿಮ್ಮ ಹಿತ್ತಲು ತೋರಿಸಿ ಎಂದೆ. "ಅಲ್ಲಿಗೆ ಮೆಂಬರ್ಸ್ ಯಾರೂ ಹೋಗಲ್ಲ ಸರ್." ಬಸ್ಸಿನಲ್ಲಿ ಬರುವಾಗ ಭಾಗ್ಯ ಕಿಟಕಿ ಪಕ್ಕ ಕೂತಿದ್ದಳು. ಹುಣಸೂರು ಹತ್ತಿರ ಬಂದಾಗ, "ಭಾಳ ಚೆಂದಾಗದೆ. ಆದ್ರೆ ಅಲ್ಲಿ ನಿಮ್ಮುನ್ನ ಬಯ್ಯೋಕೆ ಯಾರವ್ರೆ?" ಎಂದಳು.

ಮರುದಿನ ಬೆಳಿಗ್ಗೆ ಗುಂಡಿ ಕ್ಲಬ್ಬಿಗೆ ಹೋಗಿ, ನಾಜಿಯಾಳ ಮೇಜಿನ ಮುಂದೆ ನಿಂತು, "ಅಮ್ಮಾ, ಕ್ಲಬ್ಬು ಸೇರಬೇಕು ಅಂತಿದ್ದೀನಿ. ಮೈದಾನ ತೋರಿಸ್ತೀರಾ?" ಎಂದೆ. ಅವಳು ಮುಖ ಗಂಭೀರ ಮಾಡಿಕೊಂಡಳು. "ಬನ್ನಿ ಸರ್, ಕೂತ್ಕೊಳ್ಳಿ. ನಿಮ್ಮ ಹೆಸರು?" ಎಂದು ಬರೆದುಕೊಂಡಳು. ಮೂವತ್ತೊಂದು ವರ್ಷ ತುಳಿದ ನೆಲವನ್ನು ಹೊಸಬನಿಗೆ ತೋರಿಸುವಂತೆ ತೋರಿಸಿದಳು. ನಾನು ಬಾಯಲ್ಲಿ ಹೇಳಿದ್ದನ್ನು ಮರೆತಿರಲಿಲ್ಲ, ಬೆಂಚಿನ ಮೇಲೆ ಹತ್ತು ನಿಮಿಷ ಕೂರಿಸಿದಳು. ಹಿತ್ತಲಿಗೆ ಕರೆದೊಯ್ದಳು. ಏಳನೇ ಗ್ರೀನಿಗೆ ಬಂದಾಗ ನಿಂತು, ಬಗ್ಗಿ, ಅಂಚಿನಲ್ಲಿದ್ದ ಒಂದು ಎಳೆ ಪೈರನ್ನು ತೋರಿಸಿದಳು.

"ನಮ್ಮ ಕ್ಲಬ್ಬಿನ ಸುಳಿ ನೋಡಿ ಸರ್ ಇದು. ಈ ಗ್ರೀನಲ್ಲಿ ಈಗಲೂ ರಾಗಿ ಹುಟ್ಟತ್ತೆ. ಹಿತ್ತಲಿಂದ ಗುಬ್ಬಿಗಳು ತಂದು ಹಾಕ್ತವೆ. ಹಿಂದೆ ಒಬ್ರು ರಾಗಿ ಹುಲ್ಲು ಹೊದಿಸಿದ್ರಂತೆ, ಅದರಿಂದ ಶುರುವಾಗಿದ್ದು."

"ಯಾರಮ್ಮ ಅಂಥ ದಡ್ಡ?"

"ಹೆಸರು ಹೇಳೋ ಹಾಗಿಲ್ಲ ಸರ್. ಅವರು ಮೆಂಬರ್ ಆಗೋಕೆ ಬಂದಿದ್ದಾರೆ."

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಅಲ್ಲೇ ಗ್ರೀನಿನ ಅಂಚಿನಲ್ಲಿ ಕೂತು ಅರ್ಜಿ ತುಂಬಿದೆ. ಅನುಮೋದಕರಾಗಿ ಮುತ್ತಣ್ಣನವರು ಅವತ್ತೇ ಸಹಿ ಹಾಕಿದರು. ಮೇಜರ್ ಸಾಹೇಬರು ಈಗ ಮೈಸೂರಿನಲ್ಲಿ ಮಗನ ಮನೆಯಲ್ಲಿದ್ದಾರೆ, ಎಂಬತ್ತೈದು ದಾಟಿದೆ. ಅರ್ಜಿ ತೆಗೆದುಕೊಂಡು ನಾನೇ ಬರುತ್ತೇನೆ ಎಂದರೆ, "ಸಹಿ ಹಾಕ್ತೀನಿ ಅಂದವನು ನಾನು, ನಾನೇ ಬರ್ತೀನಿ" ಎಂದು ಫೋನಿನಲ್ಲೇ ಗದರಿದರು.

ಬಂದರು. ಊರುಗೋಲು ಹಿಡಿದು, ಮೀಸೆ ತಿರುವಿಕೊಂಡು, ಒಂದು ಭಾನುವಾರ ಬೆಳಿಗ್ಗೆ. ಸೂಚಕನ ಜಾಗದಲ್ಲಿ ನೆಟ್ಟಗೆ ಸಹಿ ಹಾಕಿದರು. ನಾಜಿಯಾ ಆ ದಪ್ಪ ಪುಸ್ತಕ ತೆಗೆದು ನನ್ನ ಹೆಸರು ಬರೆದಳು, ಜೋರಾಗಿ ಕೂಗಿದಳು. ಅಕ್ಕಿ ಗಿರಣಿಯ ಸಾಹುಕಾರರು ಮಂಡಿ ಮಡಚು, ತಲೆ ಬಗ್ಗಿಸು ಎಂದು ಹೇಳಿಕೊಡುತ್ತಿದ್ದರು. ಭಾಗ್ಯ ಹೊಸ ಸೀರೆ ಉಟ್ಟು ಬೆಂಚಿನ ಮೇಲೆ ಕೂತಿದ್ದಳು. ನಾನು ಚೆಂಡು ಇಟ್ಟೆ, ಉಸಿರು ಹಿಡಿದೆ, ಹೊಡೆದೆ.

ಚೆಂಡು ಏರಿತು. ನಾನು ಕನಸಿನಲ್ಲಿ ಕಂಡಷ್ಟೇ ಎತ್ತರಕ್ಕೆ ಏರಿತು. ಏರಿದ್ದು ಎಡಕ್ಕೆ ತಿರುಗಿ, ಸಿಲ್ವರ್ ಮರಗಳನ್ನು ದಾಟಿ, ಪಂಪ್‌ಹೌಸಿನ ಹಿಂದೆ ಮಾಯವಾಯಿತು.

"ಓ ಪುಟ್ಟಸಾಮೀ!" ಮರಗಳ ಆಚೆಯಿಂದ ಚಿಕ್ಕತಾಯಕ್ಕನ ಕೂಗು ಬಂತು. "ತೆನೆ ಕಟ್ಟ್ಯದೆ ಕಣಪ್ಪಾ, ಒಳೀಕೆ ಕಾಲಿಟ್ಟೀಯ, ಜ್ವಾಕೆ!"

ಎಲ್ಲರೂ ಮೇಜರ್ ಸಾಹೇಬರ ಕಡೆ ತಿರುಗಿದರು. ಅವರು ಊರುಗೋಲನ್ನು ನೆಲಕ್ಕೆ ಕುಟ್ಟಿ, ಹಳೆಯ ಪರೇಡಿನ ಧ್ವನಿಯಲ್ಲಿ, "ರೂಲ್ ಅಂದ್ರೆ ರೂಲ್" ಎಂದರು.

ನಾನು ಇನ್ನೊಂದು ಚೆಂಡು ತೆಗೆದು ಇಟ್ಟೆ. ಒಂದು ಏಟು ದಂಡ ಬರೆದುಕೋ ಎಂದು ನಾಜಿಯಾಳಿಗೆ ನಾನೇ ಹೇಳಿದೆ. ಬರೆಯಲಿ, ಅದಕ್ಕೇನು? ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ತಾನೇ ಬರೆಯುವುದು.